ಕಾಗದ ಬಟ್ಟಲಾಗದೆ ಕೊಳವೆಯಾಗುವುದು ಯಾಕೆ?

ಬದಿಯಡ್ಕದ ಶಾಲಾ ವಿಜ್ಞಾನ ಮೇಳಕ್ಕೆ ಟ್ರೇಸಿಂಗ್ ಪೇಪರಿಗೆ ಟೇಪ್ ಅಂಟಿಸಿ ಒದ್ದೆ ಮಾಡಿದ್ದೀರಿ. ಬಟ್ಟಲು ಬೇಕಿತ್ತು, ಸುರುಳಿ ಬಂತು, ಅಲ್ವಾ? ನಿಮ್ಮ ಕೆಲಸದಲ್ಲಿ ತಪ್ಪಿಲ್ಲ ಟೀಚರೇ.

ಕಾಗದ ಹಿಗ್ಗುತ್ತದೆ, ಟೇಪ್ ಹಿಗ್ಗುವುದಿಲ್ಲ. ಅದಕ್ಕೇ ಬಾಗುತ್ತದೆ. ಆದರೆ ಬರೀ ಬಾಗಿದರೆ ಬಟ್ಟಲಾಗುವುದಿಲ್ಲ. ಹಿಗ್ಗದೆ ಕುಗ್ಗದೆ ಚಪ್ಪಟೆ ಹಾಳೆ ಗೋಳದ ಆಕಾರ ಪಡೆಯದು ಎಂಬುದು 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ತೋರಿಸಿಕೊಟ್ಟ ಗಣಿತದಿಂದಲೇ ಬರುತ್ತದೆ. ನಮ್ಮ ಅಡಕೆ ಹಾಳೆ ತಟ್ಟೆಯ ಅಂಚಿನಲ್ಲಿ ನೆರಿಗೆ ಬೀಳುವುದೂ ಇದಕ್ಕೇ: ಅಂಚಿನ ಉದ್ದ ಜಾಸ್ತಿಯಾಗಿ ಉಳಿಯುತ್ತದೆ. ನಡುಭಾಗ ಜಾಸ್ತಿ ಹಿಗ್ಗಿದರೆ ಗುಮ್ಮಟ, ಅಂಚು ಜಾಸ್ತಿ ಹಿಗ್ಗಿದರೆ ಕುದುರೆಯ ಜೀನಿನ ಆಕಾರ. ಜೆಲ್ ಹಾಳೆಯಲ್ಲಿ ಎಲ್ಲೆಲ್ಲಿ ಎಷ್ಟು ಕುಗ್ಗಬೇಕೆಂದು ಮೊದಲೇ ನಿಗದಿ ಮಾಡಿ, ಬಿಸಿನೀರಿನಲ್ಲಿ ಇಂಥ ಆಕಾರಗಳನ್ನು ವಿಜ್ಞಾನಿಗಳು 2007ರಲ್ಲೇ ಮಾಡಿ ತೋರಿಸಿದ್ದಾರೆ. ತುಂಬಾ ಚೆಂದದ ಕೆಲಸ ಅದು.

ಮಕ್ಕಳಿಗೆ ಸುಲಭ ದಾರಿ ಎಂದರೆ ಎಸಳು. ನಡುವೆ ಒಂದು ಸಣ್ಣ ವೃತ್ತ, ಸುತ್ತ ಎಸಳುಗಳನ್ನು ಬೇರೆ ಬೇರೆ ಕತ್ತರಿಸಿ ಅಂಟಿಸಿ. ಕಾಗದ ಜಾಸ್ತಿ ಹಿಗ್ಗುವುದು ನಾರಿಗೆ ಅಡ್ಡವಾಗಿ. ಹಾಗಾಗಿ ನಾರು ಪ್ರತಿ ಎಸಳಿನ ಅಗಲದ ದಿಕ್ಕಿಗಿರಲಿ. ಟೇಪ್ ಮೇಲ್ಗಡೆ ಇಟ್ಟು ಕೆಳಗಿನಿಂದ ನೀರು ತಾಗಿಸಿ. ಎಸಳುಗಳು ಮೇಲಕ್ಕೆ ಬಾಗಿ ಬಟ್ಟಲಾಗುತ್ತವೆ.