ಓದುಗರ ಪ್ರಶ್ನೆಗೆ ಉತ್ತರ: ದರ್ಗಾದ ಕನ್ನಡಿ, ಬಜಾರಿನ ಬೀಗ ಮತ್ತು ಇರಾನಿನ ಹೊಸ ಕಲೆ

ಪ್ರಶ್ನೆ: ಇರಾನಿನ ಇಂದಿನ ಕಲೆಯ ಬಗ್ಗೆ ಬರೆಯುವವರೆಲ್ಲ ‘ಸಂಪ್ರದಾಯ ಮತ್ತು ಆಧುನಿಕತೆಯ ಬೆಸುಗೆ’ ಎಂಬ ಮಾತನ್ನು ತಪ್ಪದೆ ಬಳಸುತ್ತಾರೆ. ಪಾಶ್ಚಾತ್ಯ ಶೈಲಿಯ ಚಿತ್ರಕ್ಕೆ ನಾಲ್ಕು ಪರ್ಷಿಯನ್ ಅಕ್ಷರ, ಎರಡು ಬಳ್ಳಿ ಸೇರಿಸಿಬಿಟ್ಟರೆ ಬೆಸುಗೆಯಾಯಿತೇ? ಇದು ಶುರುವಾದದ್ದಾದರೂ ಎಲ್ಲಿ?

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ಹಾಗೆ ಅಕ್ಷರ, ಬಳ್ಳಿ ಅಂಟಿಸಿದ ಚಿತ್ರಗಳು ಇರಾನಿನಲ್ಲಿ ಬೇಕಾದಷ್ಟು ಬಂದಿವೆ. ಆದರೆ ಈ ಪ್ರವಾಹವನ್ನು ಆರಂಭಿಸಿದವರು ಮಾಡಿದ್ದು ಅದಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಾನಿನ ಪಾಲಿಗೆ ‘ಹೊಸ ಕಲೆ’ ಎಂದರೆ ಕಮಾಲ್-ಒಲ್-ಮೊಲ್ಕ್ ಮತ್ತು ಅವರ ಶಿಷ್ಯರು ರೂಢಿಸಿದ ಯುರೋಪಿಯನ್ ಮಾದರಿಯ ವಾಸ್ತವಿಕ ಚಿತ್ರಣವಾಗಿತ್ತು. 1940ರಲ್ಲಿ ಟೆಹರಾನ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ ಆರಂಭವಾದ ಮೇಲೆ ಅಲ್ಲಿ ಕಲಿತ ಜಲೀಲ್ ಜಿಯಾಪುರ್ ಅವರಂಥವರು ಪ್ಯಾರಿಸ್ಸಿಗೆ ಹೋಗಿ, ಆಕಾರಗಳನ್ನು ಜ್ಯಾಮಿತೀಯ ತುಂಡುಗಳಾಗಿ ಒಡೆದು ಚಿತ್ರಿಸುವ ಕ್ಯೂಬಿಸಂ ಶೈಲಿಯನ್ನು ಕಲಿತು ಬಂದರು. ಅವರ ಉತ್ಸಾಹ ದೊಡ್ಡದಾಗಿತ್ತು. ಆದರೆ ಏನೇ ಬರೆದರೂ ಅದು ಪ್ಯಾರಿಸ್ಸಿನಲ್ಲಿ ಎಂದೋ ಮುಗಿದುಹೋದದ್ದರ ತಡವಾದ ಪ್ರತಿಧ್ವನಿಯಂತೆ ಕಾಣುತ್ತಿತ್ತು. ಹಿಂದಕ್ಕೆ ತಿರುಗಿ ಹದಿನಾರು-ಹದಿನೇಳನೆಯ ಶತಮಾನದ ಸಫಾವಿ ದೊರೆಗಳ ಆಸ್ಥಾನದ ಕಿರುಚಿತ್ರಗಳನ್ನೇ (ಮಿನಿಯೇಚರ್ ವರ್ಣಚಿತ್ರಗಳನ್ನೇ) ಮತ್ತೆ ಬರೆಯೋಣವೆಂದರೆ ಅದು ನಕಲಾಗುತ್ತಿತ್ತು. 1958ರಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ಟೆಹರಾನ್ ಬಿನಾಲೆಯನ್ನು ಮೊದಲ ಬಾರಿಗೆ ಸಂಘಟಿಸಿದ ಮಾರ್ಕೋಸ್ ಗ್ರಿಗೋರಿಯನ್ ಅವರು ಹಳ್ಳಿಯ ಗೋಡೆಗೆ ಬಳಿಯುವ ಹುಲ್ಲು ಬೆರೆಸಿದ ಮಣ್ಣನ್ನೇ ಮುಂದೆ ತಮ್ಮ ಚಿತ್ರಗಳ ಸಾಮಗ್ರಿಯಾಗಿ ಮಾಡಿಕೊಂಡರು. ಕಾಫಿ ಅಂಗಡಿಗಳಲ್ಲಿ ತೂಗುಹಾಕುತ್ತಿದ್ದ ಜನಪದ ಚಿತ್ರಗಳನ್ನೂ ಸಂಗ್ರಹಿಸಿದರು.

ನಿಜವಾದ ದಾರಿ ತೆರೆದದ್ದು ಇಂಥ ಕಡೆಯಿಂದಲೇ, ಅಂದರೆ ಅರಮನೆಯಿಂದಲ್ಲ, ಬೀದಿಯಿಂದ. ಟೆಹರಾನಿನ ದಕ್ಷಿಣಕ್ಕಿರುವ ರೇ ಪಟ್ಟಣದ ಶಾಹ್ ಅಬ್ದುಲ್ ಅಜೀಂ ದರ್ಗಾಕ್ಕೆ ಹೋಗಿದ್ದ ಪರ್ವೀಜ್ ತನಾವೊಲಿ ಮತ್ತು ಹೊಸೇನ್ ಝೆಂದೆರೂದಿ ಎಂಬ ಇಬ್ಬರು ತರುಣರು ಅಲ್ಲಿ ಯಾತ್ರಿಕರಿಗಾಗಿ ಮಾರಾಟಕ್ಕಿಟ್ಟಿದ್ದ ಅಗ್ಗದ ಮುದ್ರಿತ ಹಾಳೆಗಳನ್ನು ಕೊಂಡು ತಂದರು. ಪ್ರಾರ್ಥನೆ, ಸಂತರ ಚಿತ್ರ, ಚೌಕಗಳಲ್ಲಿ ತುಂಬಿದ ಅಂಕಿಗಳ ತಾಯತದ ಯಂತ್ರ ಎಲ್ಲವೂ ಒತ್ತೊತ್ತಾಗಿ ತುಂಬಿದ್ದ ಆ ಹಾಳೆಗಳ ಸರಳ ರೂಪ, ಪುನರಾವರ್ತನೆ ಮತ್ತು ಗಾಢ ಬಣ್ಣಗಳು ಅವರನ್ನು ಹಿಡಿದು ನಿಲ್ಲಿಸಿದವು. ಅದರ ಫಲವಾಗಿ ಝೆಂದೆರೂದಿ ಬರೆದ ಕೃತಿಗಳು 1962ರ ಮೂರನೆಯ ಟೆಹರಾನ್ ಬಿನಾಲೆಯ ಹೊತ್ತಿಗೆ ಗಮನ ಸೆಳೆದವು. ಅವನ್ನು ಕಂಡ ವಿಮರ್ಶಕ ಕರೀಂ ಎಮಾಮಿ ಅವರಿಗೆ ಇರಾನಿನ ಓಣಿಗಳಲ್ಲಿರುವ ‘ಸಖ್ಖಾಖಾನೆ’ಗಳ ನೆನಪಾಯಿತು. ಕರ್ಬಲಾದಲ್ಲಿ ನೀರಿಲ್ಲದೆ ಮಡಿದವರ ನೆನಪಿಗಾಗಿ ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗಳವು. ಲೋಹದ ಜಾಲರಿ, ಹಿತ್ತಾಳೆಯ ಬಟ್ಟಲು, ಪಂಜಾ, ಹರಕೆಗೆಂದು ಕಟ್ಟಿದ ಬಟ್ಟೆ ಮತ್ತು ಬೀಗ, ಉರಿಯುವ ಮೇಣದಬತ್ತಿ ಇವೆಲ್ಲ ಅಲ್ಲಿರುತ್ತವೆ. ಫರಾಮರ್ಜ್ ಪಿಲಾರಾಮ್, ಮಸೂದ್ ಅರಬ್‌ಶಾಹಿ, ಮನ್ಸೂರ್ ಕಂದ್ರೀಜ್ ಮೊದಲಾದವರನ್ನೂ ಸೇರಿಸಿ ಇಡೀ ಗುಂಪಿಗೆ ಅದೇ ಹೆಸರು ನಿಂತಿತು. ಇವರಲ್ಲಿ ಎಲ್ಲರೂ ಧರ್ಮಶ್ರದ್ಧೆಯಿಂದ ಬರೆದವರೆಂದು ತಿಳಿಯಬೇಕಾಗಿಲ್ಲ. ಅವರಿಗೆ ಬೇಕಾಗಿದ್ದದ್ದು ಭಕ್ತಿಯ ವಸ್ತುಗಳ ಹಿಂದೆ ಕೆಲಸ ಮಾಡುತ್ತಿದ್ದ ದೃಶ್ಯವ್ಯವಸ್ಥೆ. ಅದು ಅಮೂರ್ತ ಕಲೆಗೆ ತಾನಾಗಿಯೇ ಹತ್ತಿರವಿತ್ತು ಎಂಬುದನ್ನು ಗುರುತಿಸಿದ್ದೇ ಅವರ ದೊಡ್ಡ ಶೋಧ ಎಂದು ನನ್ನ ಎಣಿಕೆ.

ಪ್ರಶ್ನೆ: ಮೊನೀರ್ ಫರ್ಮಾನ್‌ಫರ್ಮಾಯಾನ್ ಅವರ ಕನ್ನಡಿಯ ಕೃತಿಗಳ ಛಾಯಾಚಿತ್ರಗಳನ್ನು ನೋಡಿದ್ದೇನೆ. ಹಳೆಯ ಅರಮನೆಯ ಅಲಂಕಾರಕ್ಕೂ ಅವಕ್ಕೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಅವುಗಳಲ್ಲಿ ಆಧುನಿಕವಾದದ್ದು ಯಾವುದು?

ಉತ್ತರ: ಛಾಯಾಚಿತ್ರದಲ್ಲಿ ವ್ಯತ್ಯಾಸ ತಿಳಿಯದಿರುವುದು ಸಹಜ, ಏಕೆಂದರೆ ಆ ಕೃತಿಗಳು ಪೂರ್ಣಗೊಳ್ಳುವುದು ಎದುರಿಗೆ ಒಬ್ಬ ಮನುಷ್ಯ ಬಂದು ನಿಂತಾಗ ಮಾತ್ರ.

ಮೊದಲು ಕಸುಬಿನ ವಿಚಾರ. ‘ಆಯಿನೆಕಾರಿ’ ಎಂದು ಕರೆಯುವ ಈ ಕೆಲಸದಲ್ಲಿ ತೆಳುವಾದ ಕನ್ನಡಿಯನ್ನು ತ್ರಿಕೋನ, ಷಟ್ಕೋನ ಮೊದಲಾದ ಸಣ್ಣ ಸಣ್ಣ ತುಂಡುಗಳಾಗಿ ಕೈಯಿಂದಲೇ ಕತ್ತರಿಸಿ, ಜಿಪ್ಸಮ್ ಗಾರೆಯ ಮೇಲೆ ಬೇರೆ ಬೇರೆ ಕೋನಗಳಲ್ಲಿ ಕೂರಿಸುತ್ತಾರೆ. ಸಫಾವಿ ಕಾಲದಲ್ಲಿ ಯುರೋಪಿನಿಂದ ತರಿಸುತ್ತಿದ್ದ ಕನ್ನಡಿಗಳು ದಾರಿಯಲ್ಲಿ ಒಡೆದುಹೋಗುತ್ತಿದ್ದವೆಂದೂ, ಆ ಚೂರುಗಳನ್ನು ವ್ಯರ್ಥ ಮಾಡಲಾರದೆ ಈ ಕಲೆ ಹುಟ್ಟಿತೆಂದೂ ಇರಾನಿನಲ್ಲಿ ಹೇಳುವುದುಂಟು. ಅರಮನೆ ಮತ್ತು ದರ್ಗಾಗಳ ಗೋಡೆ, ಗುಮ್ಮಟಗಳ ಒಳಭಾಗವೇ ಇದರ ಜಾಗ.

1922ರಲ್ಲಿ ಕಜ್ವೀನಿನಲ್ಲಿ ಹುಟ್ಟಿದ ಮೊನೀರ್ ಅವರು 1945ರಲ್ಲಿ ನ್ಯೂಯಾರ್ಕಿಗೆ ಹೋಗಿ ಕಲೆ ಕಲಿತರು, ಬಾನ್‌ವಿಟ್ ಟೆಲ್ಲರ್ ಎಂಬ ದೊಡ್ಡ ಅಂಗಡಿಯಲ್ಲಿ ವಿನ್ಯಾಸಗಾರ್ತಿಯಾಗಿ ದುಡಿದರು. ಆಗ ಹೆಸರು ಮಾಡಿರದ ಆ್ಯಂಡಿ ವಾರ್ಹಾಲ್ ಅಲ್ಲಿ ಅವರ ಜೊತೆಗಾರರಾಗಿದ್ದರು. 1957ರಲ್ಲಿ ಇರಾನಿಗೆ ಮರಳಿ, ಮುಂದಿನ ವರ್ಷಗಳಲ್ಲಿ ಊರೂರು ಸುತ್ತಿ ಹಳೆಯ ಗಾಜಿನ ಚಿತ್ರ, ಅಲೆಮಾರಿಗಳ ಆಭರಣಗಳನ್ನು ಸಂಗ್ರಹಿಸಿದರು. 1960ರ ದಶಕದಲ್ಲಿ ಶಿರಾಜಿನ ಶಾಹ್ ಚೆರಾಗ್ ದರ್ಗಾದಲ್ಲಿ ಕುಳಿತಿದ್ದಾಗ, ಒಳಗೆ ಅಳುತ್ತ ಪ್ರಾರ್ಥಿಸುತ್ತ ಓಡಾಡುತ್ತಿದ್ದ ಜನರೆಲ್ಲ ಸಾವಿರಾರು ಕನ್ನಡಿ ಚೂರುಗಳಲ್ಲಿ ಒಡೆದು ಹಂಚಿಹೋಗಿ ಚಲಿಸುತ್ತಿರುವುದನ್ನು ಕಂಡರು. ಇಲ್ಲಿಂದ ಅವರ ದಾರಿ ಬದಲಾಯಿತು. ಹಾಜಿ ಉಸ್ತಾದ್ ಮೊಹಮ್ಮದ್ ನವೀದ್ ಎಂಬ ನುರಿತ ಕುಶಲಕರ್ಮಿಯೊಂದಿಗೆ ಸೇರಿ ಅವರು ಕೆಲಸಕ್ಕೆ ತೊಡಗಿದರು. ರೇಖಾಗಣಿತದ ನಕ್ಷೆ ಇವರದು, ಕತ್ತರಿಸಿ ಕೂರಿಸುವ ಕೈ ಅವರದು. (ಕಲಾ ಪ್ರದರ್ಶನಗಳ ಗೋಡೆಯ ಮೇಲಿನ ಚೀಟಿಗಳಲ್ಲಿ ಈ ಉಸ್ತಾದರ ಹೆಸರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.)

ಆಧುನಿಕವಾದದ್ದು ಎಲ್ಲಿದೆ ಎಂದು ಕೇಳಿದ್ದೀರಿ. ದರ್ಗಾದಲ್ಲಿ ಕನ್ನಡಿಯ ಕೆಲಸ ಕಟ್ಟಡದ ಸೇವೆ ಮಾಡುತ್ತದೆ, ಕಣ್ಣನ್ನು ಗುಮ್ಮಟದತ್ತ, ಸಮಾಧಿಯತ್ತ ಒಯ್ಯುತ್ತದೆ. ಮೊನೀರ್ ಅದನ್ನು ಕಟ್ಟಡದಿಂದ ಬಿಡಿಸಿ ಸ್ವತಂತ್ರ ಫಲಕವನ್ನಾಗಿ, ಗೋಳವನ್ನಾಗಿ, ಷಟ್ಕೋನಗಳ ಸಾಲನ್ನಾಗಿ ಮಾಡಿದರು. ಆಗ ಅದು ಬೇರೆ ಯಾವುದರತ್ತಲೂ ಬೊಟ್ಟು ಮಾಡದೆ, ಎದುರು ನಿಂತವರ ಮುಖವನ್ನೇ ತುಂಡರಿಸಿ ಮರಳಿಸುತ್ತದೆ. ಯಾವ ಕೋನದಲ್ಲಿ ನಿಂತರೂ ಮುಖ ಇಡಿಯಾಗಿ ಸಿಗುವುದಿಲ್ಲ. ಒಂದು ವೃತ್ತವನ್ನು ಮೂರು, ನಾಲ್ಕು, ಆರು ಭಾಗ ಮಾಡಿ ಅಲ್ಲಿಂದ ಆಕಾರಗಳನ್ನು ಬೆಳೆಸುತ್ತ ಹೋಗುವ ಕ್ರಮ ಇರಾನಿನ ಕುಶಲಕರ್ಮಿಗಳಿಗೆ ಶತಮಾನಗಳಿಂದ ಗೊತ್ತಿದ್ದದ್ದೇ. ಅದೇ ಕ್ರಮ 1960ರ ದಶಕದ ನ್ಯೂಯಾರ್ಕಿನ ಕಲಾವಿದರ ಸರಳ ಜ್ಯಾಮಿತಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಎರಡನ್ನೂ ಒಳಗಿನಿಂದ ಬಲ್ಲ ಮೊನೀರ್ ಅವರಂಥವರು ಮಾತ್ರ ಕಾಣಬಲ್ಲವರಾಗಿದ್ದರು.

1979ರ ಕ್ರಾಂತಿಯ ನಂತರ ಅವರ ಸಂಗ್ರಹ ಜಪ್ತಿಯಾಯಿತು. ಸುಮಾರು ಕಾಲು ಶತಮಾನ ನ್ಯೂಯಾರ್ಕಿನಲ್ಲಿ, ನುರಿತ ಕನ್ನಡಿ ಕೆಲಸಗಾರರಿಲ್ಲದೆ ಕಳೆದರು. 2004ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಟೆಹರಾನಿಗೆ ಮರಳಿ ಮತ್ತೆ ಕಾರ್ಯಾಗಾರ ತೆರೆದರು. 2015ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್‌ನಲ್ಲಿ ಅವರ ಪ್ರದರ್ಶನ ನಡೆಯಿತು. 2019ರಲ್ಲಿ ತೀರಿಕೊಳ್ಳುವ ವೇಳೆಗೆ ಅವರ ಹೆಸರಿನ ವಸ್ತುಸಂಗ್ರಹಾಲಯವೂ ಟೆಹರಾನಿನಲ್ಲಿ ಆರಂಭವಾಗಿತ್ತು.

ಪ್ರಶ್ನೆ: ಪರ್ಷಿಯನ್ ಲಿಪಿ ಓದಲು ಬಾರದವರು ಅಕ್ಷರಗಳಿಂದಲೇ ತುಂಬಿದ ಇಂಥ ಚಿತ್ರಗಳನ್ನು ಆಸ್ವಾದಿಸಬಹುದೇ, ಅಥವಾ ಅರ್ಧ ಮಾತ್ರ ದಕ್ಕುತ್ತದೆಯೇ?

ಉತ್ತರ: ಅದು ಕಲಾವಿದರನ್ನು ಅವಲಂಬಿಸಿದೆ. ಝೆಂದೆರೂದಿ ಮತ್ತು ಅವರ ನಂತರ ಬಂದ ಮೊಹಮ್ಮದ್ ಎಹ್ಸಾಯಿ ಅವರ ಅನೇಕ ಕೃತಿಗಳಲ್ಲಿ ಅಕ್ಷರ ಓದಿಗೆ ಸಿಗಲೆಂದು ಬಂದದ್ದೇ ಅಲ್ಲ. ಇದಕ್ಕೂ ಹಳೆಯ ಆಧಾರವಿದೆ: ಹತ್ತೊಂಬತ್ತನೆಯ ಶತಮಾನದಲ್ಲಿ ಇರಾನನ್ನು ಆಳಿದ ಕಜಾರರ ಕಾಲದ ಲಿಪಿಕಾರರು ಕೈ ಪಳಗಿಸಲು ಒಂದೇ ಹಾಳೆಯಲ್ಲಿ ಅಕ್ಷರಗಳ ಮೇಲೆ ಅಕ್ಷರ ಬರೆದು ಕಪ್ಪಾಗಿಸುತ್ತಿದ್ದ ‘ಸಿಯಾಹ್ ಮಶ್ಕ್’ ಎಂಬ ಅಭ್ಯಾಸದ ಹಾಳೆಗಳು ಕ್ರಮೇಣ ತಾವೇ ಕಲಾಕೃತಿಗಳೆನಿಸಿದ್ದವು. ಸಾಂಪ್ರದಾಯಿಕ ಲಿಪಿಕಲೆಯಲ್ಲಿ ಕಠಿಣ ತರಬೇತಿ ಪಡೆದು, ನಂತರ ಉದ್ದೇಶಪೂರ್ವಕವಾಗಿ ಅರ್ಥವನ್ನು ಬಿಟ್ಟು ಕುಂಚದ ಗತಿಯನ್ನಷ್ಟೇ ಉಳಿಸಿಕೊಂಡ ಗೊಲ್ನಾಜ್ ಫತ್ಹಿ ಅವರ ಚಿತ್ರಗಳ ಮುಂದೆ ಪರ್ಷಿಯನ್ ಬಲ್ಲವರೂ ನಮ್ಮಷ್ಟೇ ನಿರಕ್ಷರಿಗಳು. ಜರ್ಮನಿಯಲ್ಲಿ ನೆಲೆಸಿರುವ ಪರಸ್ತೂ ಫೊರೂಹರ್ ಅವರು ಒಂದು ಇಡೀ ಕೋಣೆಯ ಗೋಡೆ, ನೆಲಗಳ ಮೇಲೆ ಪೂರ್ಣಗೊಳ್ಳದ ಪದಗಳನ್ನು ಬರೆಯುತ್ತ ಹೋದಾಗ ಆಗುವುದೂ ಇದೇ.

ತನಾವೊಲಿ ಅವರದು ಬೇರೆ ಬಗೆ. 1960ರ ದಶಕದ ನಡುವಿನಿಂದ ಅವರು ‘ಹೀಚ್’ ಎಂಬ ಒಂದೇ ಪದವನ್ನು, ಅಂದರೆ ‘ಏನೂ ಇಲ್ಲ’ ಎಂಬುದನ್ನು, ಕಂಚಿನಲ್ಲಿ, ಫೈಬರ್‌ಗ್ಲಾಸಿನಲ್ಲಿ ಶಿಲ್ಪವಾಗಿ ನಿಲ್ಲಿಸುತ್ತ ಬಂದಿದ್ದಾರೆ. ನಸ್ತಾಲಿಕ್ ಎಂಬ ಬಳುಕುವ ಪರ್ಷಿಯನ್ ಲಿಪಿಶೈಲಿಯಲ್ಲಿ ಮೊದಲ ಅಕ್ಷರದ ಎರಡು ಸುತ್ತುಗಳು ಕಣ್ಣುಗಳಂತೆಯೂ ಕೆಳಗಿನ ಬಳುಕು ಮೈಯಂತೆಯೂ ಕಾಣುವುದರಿಂದ, ಆ ಪದ ಕುರ್ಚಿಯ ಮೇಲೆ ಕೂರುತ್ತದೆ, ಪಂಜರದೊಳಗೆ ಸಿಕ್ಕಿಕೊಳ್ಳುತ್ತದೆ. ಅರ್ಥವನ್ನು ಒಮ್ಮೆ ಕೇಳಿ ತಿಳಿದುಕೊಂಡರೆ ಸಾಕು, ಉಳಿದದ್ದನ್ನು ಕಣ್ಣೇ ನೋಡಿಕೊಳ್ಳುತ್ತದೆ.

ಶಿರೀನ್ ನೆಶಾತ್ ಅವರ ವಿಷಯದಲ್ಲಿ ಮಾತ್ರ ಓದಲಾಗದಿರುವುದು ನಿಜಕ್ಕೂ ನಷ್ಟ. 1993ರಿಂದ 1997ರ ನಡುವೆ ಅವರು ರೂಪಿಸಿದ ‘ವಿಮೆನ್ ಆಫ್ ಅಲ್ಲಾ’ ಸರಣಿಯಲ್ಲಿ ಚಾದರ ಧರಿಸಿದ, ಕೆಲವೆಡೆ ಬಂದೂಕು ಹಿಡಿದ ಮಹಿಳೆಯ ಛಾಯಾಚಿತ್ರದ ಮೇಲೆ, ಮುಖ ಮತ್ತು ಅಂಗೈಗಳ ಭಾಗದಲ್ಲಿ, ಕೈಬರಹ ತುಂಬಿದೆ. ಹೊರಗಿನವರು ಅದನ್ನು ಧರ್ಮಗ್ರಂಥದ ವಾಕ್ಯವೆಂದು ಸುಲಭವಾಗಿ ಊಹಿಸಿಬಿಡುತ್ತಾರೆ. ಆದರೆ ಅಲ್ಲಿರುವುದು ಇಪ್ಪತ್ತನೆಯ ಶತಮಾನದ ಕವಯಿತ್ರಿಯರ ಸಾಲುಗಳು: ಪ್ರೇಮ ಮತ್ತು ದೇಹವನ್ನು ಮುಚ್ಚುಮರೆಯಿಲ್ಲದೆ ಬರೆದ ಫೊರೂಗ್ ಫರ್ರೊಖ್‌ಜಾದ್ ಒಂದು ಕಡೆ, ಕ್ರಾಂತಿಯ ಶ್ರದ್ಧೆಯಿಂದ ಬರೆದ ತಾಹೆರೆ ಸಫ್ಫಾರ್‌ಜಾದೆ ಇನ್ನೊಂದು ಕಡೆ. ಇಬ್ಬರ ದನಿಯೂ ಒಂದೇ ಸರಣಿಯಲ್ಲಿ ಎದುರುಬದುರಾಗಿ ನಿಲ್ಲುವುದು ಅದರ ತಿರುಳು. ಅಕ್ಷರವನ್ನು ಬರಿಯ ಅಲಂಕಾರವೆಂದು ನೋಡಿದವರಿಗೆ ಅದು ದಕ್ಕುವುದಿಲ್ಲ.

ಪ್ರಶ್ನೆ: 1979ರ ನಂತರ ಇರಾನಿನಲ್ಲಿ ಆಧುನಿಕ ಕಲೆಗೆ ಅವಕಾಶವೇ ಇರಲಿಲ್ಲವೆಂದು ಕೇಳಿದ್ದೇನೆ. ಹಾಗಾದರೆ ಈ ಕಲಾವಿದರೆಲ್ಲ ಎಲ್ಲಿಂದ ಬಂದರು?

ಉತ್ತರ: ಅವಕಾಶ ಕುಗ್ಗಿತು, ಇಲ್ಲವಾಗಲಿಲ್ಲ. ಟೆಹರಾನಿನ ಸಮಕಾಲೀನ ಕಲಾ ವಸ್ತುಸಂಗ್ರಹಾಲಯ ತೆರೆದದ್ದು 1977ರಲ್ಲಿ. ವಾಸ್ತುಶಿಲ್ಪಿ ಕಮ್ರಾನ್ ದೀಬಾ ಅವರು ಮರುಭೂಮಿಯ ಮನೆಗಳ ಗಾಳಿಗೋಪುರಗಳ ಆಕಾರವನ್ನೇ ಅದರ ಚಾವಣಿಯಲ್ಲಿ ಬೆಳಕಿನ ಕಿಂಡಿಗಳನ್ನಾಗಿ ಮಾಡಿದರು. ಎರಡೇ ವರ್ಷಗಳಲ್ಲಿ ಕ್ರಾಂತಿಯಾಗಿ, ಪಿಕಾಸೊ, ಪೊಲಾಕ್, ಬೇಕನ್ ಅವರ ಕೃತಿಗಳು ನೆಲಮಾಳಿಗೆ ಸೇರಿದವು. 1994ರಲ್ಲಿ ನಡೆದ ಒಂದು ವಿನಿಮಯವಂತೂ ನಮ್ಮ ಇಂದಿನ ವಿಷಯಕ್ಕೇ ಬರೆದಿಟ್ಟಂತಿದೆ: ಅಮೆರಿಕದ ಚಿತ್ರಕಾರ ಡಿ ಕೂನಿಂಗ್ ಅವರ ‘ವುಮನ್ III’ ಎಂಬ ಆಧುನಿಕ ಚಿತ್ರವನ್ನು ಕೊಟ್ಟು, ದೊರೆ ತಹ್ಮಾಸ್ಪ್‌ಗಾಗಿ ಹದಿನಾರನೆಯ ಶತಮಾನದಲ್ಲಿ ಸಿದ್ಧಗೊಂಡಿದ್ದ, ಇರಾನಿನ ಮಹಾಕಾವ್ಯ ಶಾಹನಾಮೆಯ ಸಚಿತ್ರ ಹಸ್ತಪ್ರತಿಯ 118 ಚಿತ್ರಗಳನ್ನು ಇರಾನ್ ಹಿಂಪಡೆಯಿತು. ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ಈ ಅದಲುಬದಲು ನಡೆಯಿತು. ಡಿ ಕೂನಿಂಗ್ ಚಿತ್ರ 2006ರಲ್ಲಿ 13 ಕೋಟಿ 75 ಲಕ್ಷ ಡಾಲರಿಗೆ ಕೈ ಬದಲಾಯಿಸಿದಾಗ ಇರಾನ್ ಮೋಸಹೋಯಿತೆಂದು ಹಲವರು ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ, ಚೆಲ್ಲಾಪಿಲ್ಲಿಯಾಗಿದ್ದ ಆ ಹಸ್ತಪ್ರತಿಗೆ ಬೇರೊಂದು ಪ್ರತಿ ಜಗತ್ತಿನಲ್ಲಿಲ್ಲ.

1990ರ ದಶಕದ ಕೊನೆಯ ಸಡಿಲಿಕೆಯ ವರ್ಷಗಳಲ್ಲಿ ಹೊಸ ತಲೆಮಾರು ಮುಂದೆ ಬಂತು, ಅದರಲ್ಲಿ ಹೆಂಗಸರು ಬಹಳ. 1974ರಲ್ಲಿ ಹುಟ್ಟಿದ ಶಾದಿ ಗದೀರಿಯನ್ ಅವರು ‘ಕಜಾರ್’ ಎಂಬ ಸರಣಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೊ ಛಾಯಾಚಿತ್ರಗಳ ವೇಷ, ಪರದೆ, ಕಂದು ಛಾಯೆ ಎಲ್ಲವನ್ನೂ ಮರುಸೃಷ್ಟಿಸಿ, ಅಂದಿನ ಉಡುಪಿನ ಹೆಂಗಸಿನ ಕೈಗೆ ಪೆಪ್ಸಿ ಡಬ್ಬಿಯನ್ನೋ ಹೆಗಲಿಗೆ ಸ್ಟೀರಿಯೊವನ್ನೋ ಕೊಟ್ಟರು. ನೋಡಿದೊಡನೆ ನಗು ಬರುತ್ತದೆ. ಆಮೇಲೆ, ಆ ಮಹಿಳೆಯ ಗಂಭೀರ ನೋಟದ ಮುಂದೆ, ಯಾವ ವಸ್ತು ಯಾವ ಕಾಲಕ್ಕೆ ಸೇರಿದ್ದೆಂಬ ನಮ್ಮ ಖಚಿತತೆಯೇ ಅಲುಗಾಡುತ್ತದೆ.

ಪ್ರಶ್ನೆ: ಕಿರುಚಿತ್ರ ಮತ್ತು ರತ್ನಗಂಬಳಿಯ ಪರಂಪರೆ ಏನಾಯಿತು?

ಉತ್ತರ: 1953ರಲ್ಲಿ ಹುಟ್ಟಿದ ಫರಾಹ್ ಓಸೂಲಿ ಕಿರುಚಿತ್ರದ ನಯವಾದ ರೇಖೆ ಮತ್ತು ಅಂಚುಪಟ್ಟಿಗಳನ್ನು ಉಳಿಸಿಕೊಂಡೇ, ಯುರೋಪಿನ ಪ್ರಸಿದ್ಧ ವರ್ಣಚಿತ್ರಗಳ ಹಿಂಸೆಯ ದೃಶ್ಯಗಳನ್ನು ಅದರೊಳಕ್ಕೆ ತಂದರು; ಸೌಂದರ್ಯ ಅಲ್ಲಿ ಸಮಾಧಾನ ಕೊಡುವ ಬದಲು ಇರಿಯುತ್ತದೆ. 1979ರಲ್ಲಿ ಹುಟ್ಟಿದ ನಾಜ್‌ಗೊಲ್ ಅನ್ಸಾರಿನಿಯಾ ಅವರ 2009ರ ಗಂಬಳಿಯನ್ನು ದೂರದಿಂದ ಕಂಡರೆ ಅಪ್ಪಟ ಪರ್ಷಿಯನ್ ವಿನ್ಯಾಸ. ಹತ್ತಿರ ಬಗ್ಗಿ ನೋಡಿದರೆ ಬಳ್ಳಿ, ಹೂವುಗಳ ಜಾಗದಲ್ಲಿ ಒಂದೇ ಮೋಟರ್‌ಸೈಕಲ್ಲಿನ ಮೇಲೆ ಕುಳಿತ ಇಡೀ ಕುಟುಂಬದಂಥ ಟೆಹರಾನಿನ ದಿನನಿತ್ಯದ ದೃಶ್ಯಗಳು ಸಮಮಿತಿಯಲ್ಲಿ ಹೆಣೆದುಕೊಂಡಿವೆ. ಮೇಲಿನ ಮೊದಲ ಪ್ರಶ್ನೆಯನ್ನು ಕೇಳಿದವರು ಈ ಗಂಬಳಿಯನ್ನು ನೋಡಬೇಕು. ಇಲ್ಲಿ ಹಳೆಯ ವಿನ್ಯಾಸವನ್ನು ತೆಗೆದುಹಾಕಿದರೆ ಕೃತಿಯೇ ಉಳಿಯುವುದಿಲ್ಲ, ಹೊಸ ವಿಷಯವನ್ನು ತೆಗೆದರೂ ಅಷ್ಟೇ.

ಪ್ರಶ್ನೆ: ಹರಾಜಿನಲ್ಲಿ ಇವರ ಕೃತಿಗಳಿಗೆ ಕೋಟಿಗಟ್ಟಲೆ ಬೆಲೆ ಬರುತ್ತದಂತೆ, ನಿಜವೇ?

ಉತ್ತರ: ನಿಜ. 2008ರ ಏಪ್ರಿಲ್‌ನಲ್ಲಿ ಕ್ರಿಸ್ಟೀಸ್ ಸಂಸ್ಥೆಯ ದುಬೈ ಹರಾಜಿನಲ್ಲಿ ತನಾವೊಲಿ ಅವರ ‘ದಿ ವಾಲ್ (ಓ ಪರ್ಸೆಪೊಲಿಸ್)’ ಎಂಬ ಕಂಚಿನ ಶಿಲ್ಪ 28 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅದೇ ವರ್ಷ ಫರ್ಹಾದ್ ಮೊಶಿರಿ ಅವರು ಹೊಳೆಯುವ ಹರಳುಗಳಿಂದ ‘ಪ್ರೇಮ’ ಎಂಬ ಪದವನ್ನು ಬರೆದ ಕೃತಿ ಹತ್ತು ಲಕ್ಷ ಡಾಲರ್ ದಾಟಿತು. ಇದರ ಅಡ್ಡಪರಿಣಾಮವೂ ಆಯಿತು: ಅಕ್ಷರವಿದ್ದರೆ ಮಾರಾಟವಾಗುತ್ತದೆ ಎಂಬ ನಂಬಿಕೆ ಹರಡಿ, ಚಿನ್ನದ ಬಣ್ಣದ ಲಿಪಿಚಿತ್ರಗಳು ಮಳೆಯಂತೆ ಸುರಿದವು. ಮೊಶಿರಿ ಅವರ ಹರಳುಗಳಲ್ಲಿ ಈ ಥಳುಕಿನ ಬಗ್ಗೆ ವ್ಯಂಗ್ಯವೂ ಬೆರೆತಿತ್ತು. ಅನುಕರಿಸಿದವರು ಹೊಳಪನ್ನು ಮಾತ್ರ ತೆಗೆದುಕೊಂಡರು.

ಪ್ರಶ್ನೆ: ಇರಾನಿನ ಹೊರಗೆ ಇವನ್ನು ಎಲ್ಲಿ ನೋಡಬಹುದು?

ಉತ್ತರ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಸಂಗ್ರಹಗಳಲ್ಲಿ ಒಳ್ಳೆಯ ಕೃತಿಗಳಿವೆ. ಸಖ್ಖಾಖಾನೆ ಕಾಲದ ಕೃತಿಗಳಲ್ಲೇ ಹೆಚ್ಚಿನ ಆಸಕ್ತಿಯಿದ್ದರೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರೇ ಕಲಾ ಸಂಗ್ರಹಾಲಯವನ್ನು ಹುಡುಕಿಕೊಂಡು ಹೋಗಿ. ಅದರ ಸ್ಥಾಪಕಿ ಆ್ಯಬಿ ಗ್ರೇ ಅವರು 1960ರ ದಶಕದಲ್ಲಿ ತಾವೇ ಟೆಹರಾನಿಗೆ ಹೋಗಿ, ಈ ಕಲಾವಿದರಿನ್ನೂ ತರುಣರಾಗಿದ್ದಾಗಲೇ, ಅವರ ಕೃತಿಗಳನ್ನು ಕೊಂಡಿದ್ದರು. ಆದರೆ ಸಂಗ್ರಹದಲ್ಲಿರುವುದೆಲ್ಲ ಯಾವಾಗಲೂ ಗೋಡೆಯ ಮೇಲಿರುವುದಿಲ್ಲ, ಆದ್ದರಿಂದ ಹೊರಡುವ ಮೊದಲು ಯಾವುದು ಪ್ರದರ್ಶನದಲ್ಲಿದೆಯೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.