ರೇಟು ಕೇಳುವ ಮೊದಲು ಮೂಲಪತ್ರ ಕೇಳಿ

ಪ್ರಶ್ನೆ: ನಾನು ಮಂಡ್ಯದಲ್ಲಿ ಹೈಸ್ಕೂಲ್ ಶಿಕ್ಷಕಿ. ನಮ್ಮ ಯಜಮಾನರದ್ದು ಸಣ್ಣ ಅಂಗಡಿ. ಕೂಡಿಟ್ಟ 18 ಲಕ್ಷ ರೂಪಾಯಿಯಲ್ಲಿ ಮೈಸೂರು ರಿಂಗ್ ರಸ್ತೆಯ ಆಚೆ ಒಂದು 30×40 ಸೈಟು ತೆಗೆದುಕೊಳ್ಳೋಣ ಅಂತಿದ್ದೇವೆ. ಇದೇ ಮೊದಲು. ‘ಪಂಚಾಯಿತಿ ಖಾತೆ ಇದೆ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲಿಯರ್ ಇದೆ, ಶುಕ್ರವಾರದೊಳಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟರೆ ಮಾತ್ರ ಈ ರೇಟು’ ಅನ್ನುತ್ತಾರೆ ಬ್ರೋಕರ್. ಕೊಡಬಹುದೇ ಸರ್?

ಉತ್ತರ: ಸದ್ಯಕ್ಕೆ ಕೊಡಬೇಡಿ ಮೇಡಂ. ಪತ್ರಗಳು ಸರಿಯಿರುವ ಮಾಲೀಕರು ಜೆರಾಕ್ಸ್ ಕೊಟ್ಟು, ವಕೀಲರಿಗೆ ತೋರಿಸಲು ಎರಡು ವಾರ ಬಿಡುತ್ತಾರೆ. ಬಿಡದಿದ್ದರೆ ಆ ಸೈಟು ನಿಮಗೆ ಬೇಡ.

‘ಪಂಚಾಯಿತಿ ಖಾತೆ’ ಅಂದರೆ ಯಾವ ನಮೂನೆ ಅಂತ ಕೇಳಿ. ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಒಂದು ಬಗೆ, 11ಬಿ ಇನ್ನೊಂದು ಬಗೆ. ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವುದು) ಆಗದೆ, ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆ ಮಂಜೂರಾಗದೆ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳಿಗೆ ಸಿಗುವುದು 11ಬಿ. ಅದಕ್ಕೆ ಕಂದಾಯ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಬ್ಯಾಂಕುಗಳು ಸಾಲಕ್ಕೆ ಹಿಂದೇಟು ಹಾಕುತ್ತವೆ. ನಾಳೆ ನೀವು ಮಾರಲು ಹೊರಟಾಗ ಸಾಲ ಮಾಡಿ ಕೊಳ್ಳುವವರು ಬರುವುದಿಲ್ಲ, ಕೈಯಲ್ಲಿ ಪೂರ್ತಿ ದುಡ್ಡಿದ್ದವರು ಮಾತ್ರ ಬರುತ್ತಾರೆ, ಅವರು ಚೌಕಾಸಿ ಮಾಡದೆ ಬಿಡುವುದಿಲ್ಲ. ಇವತ್ತಿನ ಕಡಿಮೆ ರೇಟಿನ ಗುಟ್ಟು ಇಷ್ಟೇ.

ಇಸಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಈಚಿನದು ಸಿಗುತ್ತದೆ. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಿ, ಕನಿಷ್ಠ 30 ವರ್ಷದ್ದು ತೆಗೆಸಿ. ಅದರ ಜೊತೆ ಮೂಲ ಸರ್ವೆ ನಂಬರಿನ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ವಂಶವೃಕ್ಷ ಇಟ್ಟುಕೊಂಡು ಹೆಸರು ಹೆಸರು ತಾಳೆ ನೋಡಿ. ನಮ್ಮ ಕಡೆ ಪದೇ ಪದೇ ಕಾಣುವುದೇನೆಂದರೆ, ಪಾಲುಪತ್ರದಲ್ಲಿ ಮೂವರು ಗಂಡುಮಕ್ಕಳ ಸಹಿ ಇರುತ್ತದೆ, ನಾಗಮಂಗಲಕ್ಕೋ ಕೆ.ಆರ್. ಪೇಟೆಗೋ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲೂ ಇರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳುತ್ತದೆ. ಆ ಹೊತ್ತಿಗೆ ತಂದೆ ಬದುಕಿರಬೇಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಅಕ್ಕತಂಗಿಯರು ಭಾಗ ಕೇಳುವುದು ನ್ಯಾಯವೇ. ದಾವೆ ಹೂಡಿದರೆ ಪ್ರತಿವಾದಿಗಳ ಸಾಲಿನಲ್ಲಿ ನಿಮ್ಮ ಹೆಸರೂ ಬರುತ್ತದೆ.

ಜಮೀನು ಸರ್ಕಾರದಿಂದ ಮಂಜೂರಾದದ್ದೋ ಅಲ್ಲವೋ ಅಂತಲೂ ನೋಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಅದು ಆ ಕುಟುಂಬಕ್ಕೆ ಮರಳುತ್ತದೆ. ಅರ್ಜಿ ಹಾಕಲು ಕಾಲಮಿತಿ ಅಡ್ಡಿಯಾಗದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ.

ಖರ್ಚಿನ ಮಾತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿದರೆ 18 ಲಕ್ಷಕ್ಕೆ ಸುಮಾರು 1 ಲಕ್ಷ 37 ಸಾವಿರ. ಆದ್ದರಿಂದ 18 ಲಕ್ಷದ ಸೈಟು ನಿಮ್ಮ ಕೈಗೆಟುಕುವುದಿಲ್ಲ. 14-15ರ ಒಳಗೆ ಹುಡುಕಿ, ಮನೆಯ ಆಪತ್ತಿಗೆ ಅಂತ ಒಂದಿಷ್ಟು ಉಳಿಸಿ. ಅಡ್ವಾನ್ಸ್ ಕೊಡುವ ದಿನ ಬಂದರೆ ಕರಾರುಪತ್ರ ನೋಂದಾಯಿಸಿ, ಬ್ಯಾಂಕ್ ಮೂಲಕವೇ ಕೊಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ 60 ಲಕ್ಷಕ್ಕೆ ಹಳೇ ಮನೆಯೊಂದು ಬಂದಿದೆ. ತಿಂಗಳಿಗೆ 15 ಸಾವಿರ ಬಾಡಿಗೆ ಬರುತ್ತದಂತೆ. ಮುಕ್ಕಾಲು ಭಾಗ ಸಾಲ ಮಾಡಿ ಕೊಂಡರೆ ಬಾಡಿಗೆಯಲ್ಲೇ ಕಂತು ತೀರುತ್ತದೆಯೇ?

ಉತ್ತರ: ತೀರುವುದಿಲ್ಲ. ವರ್ಷಕ್ಕೆ 1 ಲಕ್ಷ 80 ಸಾವಿರ ಬಾಡಿಗೆ ಅಂದರೆ ಮನೆಯ ಬೆಲೆಗೆ ಶೇ 3. ಸಾಲ 45 ಲಕ್ಷವಾದರೆ, ಶೇ 8.5ರ ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿಯೇ 3 ಲಕ್ಷ 80 ಸಾವಿರದ ಹತ್ತಿರ. ಕಂದಾಯ, ಸುಣ್ಣಬಣ್ಣ, ಬಾಡಿಗೆದಾರರಿಲ್ಲದೆ ಖಾಲಿ ಬಿದ್ದ ತಿಂಗಳು ಬೇರೆ. ಮುಂದೊಂದು ದಿನ ನೀವೇ ಬಂದು ವಾಸ ಮಾಡುವ ಯೋಚನೆಯಿದ್ದು, ಸಂಬಳದಿಂದ ಕಂತು ಕಟ್ಟುವ ಶಕ್ತಿಯಿದ್ದರೆ ಕೊಳ್ಳಿ. ಬಾಡಿಗೆಯನ್ನೇ ನಂಬಿ ಸಾಲಕ್ಕೆ ಸಹಿ ಹಾಕಬೇಡಿ.