ಭಾನುವಾರವೂ ಬಿಡುವಿಲ್ಲದವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಾರವಿಡೀ ಕಾಸರಗೋಡಿನಲ್ಲಿ ಕಚೇರಿ ಕೆಲಸ. ಭಾನುವಾರ ನಾಲ್ಕೂವರೆಗೆ ಎದ್ದು ಅಡುಗೆ, ಚರ್ಚಿನ ಪೂಜೆಯಲ್ಲಿ ಗಾಯನ, ಆಮೇಲೆ ಮಕ್ಕಳಿಗೆ ಧರ್ಮಬೋಧನೆ, ಮಧ್ಯಾಹ್ನ ನೆಂಟರು, ಸಂಜೆ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪು) ಸಭೆ. ಸಾಲದ್ದಕ್ಕೆ ಚರ್ಚಿನ ನಮ್ಮ ವಾರ್ಡಿನ ಗುರಿಕಾರ್ತಿ (ಮುಖ್ಯಸ್ಥೆ) ಕೂಡ ನಾನೇ. ದೇವರ ಕೆಲಸ ಬಿಟ್ಟು ಮಲಗಿದರೆ ತಪ್ಪಾಗುವುದಿಲ್ಲವೇ?
– ಓದುಗಿ, ಬೇಳ

ಉತ್ತರ: ತಪ್ಪಾಗುವುದಿಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1247ನೇ ವಿಧಿ ‘ಭಾನುವಾರ ಪೂಜೆಗೆ ಹೋಗಿ’ ಎನ್ನುವುದರಲ್ಲೇ ಮುಗಿಯುವುದಿಲ್ಲ. ಆರಾಧನೆಗೆ, ಆ ದಿನದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡ ಬರುವ ಕೆಲಸಗಳನ್ನು ಬಿಡಬೇಕೆಂದೂ ಹೇಳುತ್ತದೆ. ಮೊದಲ ಭಾಗ ನಮಗೆಲ್ಲ ಬಾಯಿಪಾಠ. ಎರಡನೆಯದು ಯಾರಿಗೂ ನೆನಪಿಲ್ಲ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಆಳುಗಳಿಗೆ, ಎತ್ತು ಕತ್ತೆಗಳಿಗೆ ಕೂಡ ಬಿಡುವು ಕೊಡಿಸುತ್ತದೆ. ಅಡುಗೆಮನೆಯವಳನ್ನು ಹೊರಗಿಟ್ಟದ್ದು ನಮ್ಮ ರೂಢಿ.

ಆದರೆ ಭಾನುವಾರದ ಬಿಡುವು ಭಾನುವಾರ ಸಿಗುವಂಥದ್ದಲ್ಲ, ಶನಿವಾರವೇ ಅದಕ್ಕೆ ತಯಾರಿ ಬೇಕು. ವಿಮೋಚನಾಕಾಂಡದ 16ನೇ ಅಧ್ಯಾಯದಲ್ಲಿ ಆರನೆಯ ದಿನ ಎರಡು ಪಾಲು ಮನ್ನಾ (ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ) ಕೂಡಿಸಿ, ಅಂದೇ ಸುಟ್ಟು ಬೇಯಿಸಿ ಇಡಲು ಹೇಳಿದ್ದು ಇದೇ ಲೆಕ್ಕದಲ್ಲಿ. ಹಂದಿಮಾಂಸದ ಬಫಾತ್ ಶನಿವಾರವೇ ಆಗಲಿ. ವಿನೆಗರ್ ಹಿಡಿದು ಮರುದಿನ ಅದಕ್ಕೆ ರುಚಿ ಹೆಚ್ಚು. ತಣಿದ ಕೂಡಲೇ ಫ್ರಿಜ್‌ಗೆ ಇಡಿ, ಭಾನುವಾರ ಚೆನ್ನಾಗಿ ಕುದಿಸಿ ಬಡಿಸಿ. ಸನ್ನದ ಹಿಟ್ಟನ್ನು ರಾತ್ರಿ ಅರೆದಿಟ್ಟರೆ ಬೆಳಿಗ್ಗೆ ಹಬೆಗಿಡುವ ಕೆಲಸ ಮಾತ್ರ. ಕೋಳಿ ಸಾರು ಮಾತ್ರ ಹಿಂದಿನ ದಿನ ಪೂರ್ತಿ ಮಾಡಬೇಡಿ: ತೆಂಗಿನಹಾಲು ಬಿದ್ದ ಸಾರು ಹೊರಗೆ ಉಳಿದರೆ ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಮಸಾಲೆಯನ್ನಷ್ಟೇ ಹುರಿದು ಅರೆದು ಫ್ರಿಜ್‌ನಲ್ಲಿಡಿ, ಜೊತೆಗೆ ಅಂಗಡಿಯ ಒಣ ರೊಟ್ಟಿ ಸಾಕು. ನೀರುದೋಸೆಯ ಆಸೆಯನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಎಲ್ಲರೂ ತಿನ್ನುವಾಗ ಒಬ್ಬರು ಕಾವಲಿಯ ಮುಂದೆ ನಿಂತಿರಬೇಕಾಗುತ್ತದೆ, ಅದು ಯಾರೆಂದು ನಾವು ಹೇಳಬೇಕಿಲ್ಲ.

ಭಾನುವಾರದ ಹೊರೆ ಹಾಗೇ ಶನಿವಾರಕ್ಕೆ ಹೋದರೆ ಪ್ರಯೋಜನವಿಲ್ಲ. ಮಾಂಸ ತಂದು ತೊಳೆಯುವುದು ಗಂಡನಿಗೆ, ಬೆಳ್ಳುಳ್ಳಿ ಸುಲಿದು ತೆಂಗಿನಕಾಯಿ ತುರಿಯುವುದು ಮಕ್ಕಳಿಗೆ ಇರಲಿ. ಊಟದ ಪಾತ್ರೆಗೆ ಯಾರೆಂದೂ ಮೊದಲೇ ಮಾತಾಗಲಿ.

ಚರ್ಚಿನ ಕೆಲಸಗಳನ್ನು ಸಿಟ್ಟಿನಲ್ಲಿ ಒಟ್ಟಿಗೆ ಬಿಟ್ಟವರು ಹೆಚ್ಚಾಗಿ ಎರಡು ತಿಂಗಳಲ್ಲಿ ಹಿಂದಿರುಗುತ್ತಾರೆ, ಏಕೆಂದರೆ ಆ ಜಾಗಕ್ಕೆ ಯಾರೂ ತಯಾರಾಗಿರುವುದಿಲ್ಲ. ಒಂದನ್ನು ಇಟ್ಟುಕೊಳ್ಳಿ, ಒಂದನ್ನು ಹಂಚಿಕೊಳ್ಳಿ, ಒಂದನ್ನು ಅವಧಿ ಮುಗಿದಾಗ ಬಿಡಿ. ಧರ್ಮಬೋಧನೆ ಹಂಚಿಕೊಳ್ಳಲು ಸುಲಭ: ಕಾಲೇಜು ಹುಡುಗಿಯೊಬ್ಬಳು ಒಂದು ತಿಂಗಳು ನಿಮ್ಮ ತರಗತಿಯಲ್ಲಿ ಕೂರಲಿ, ಮರುತಿಂಗಳು ನಿಮ್ಮೆದುರೇ ಪಾಠ ಮಾಡಲಿ, ಮೂರನೆಯ ತಿಂಗಳಿಂದ ವಾರ ಬಿಟ್ಟು ವಾರ ನಿಮಗೆ ರಜೆ. ಗುರಿಕಾರ್ತಿಯ ಹೊಣೆ ಈ ಅವಧಿಗೇ ಸಾಕೆಂದು ಫಾದರ್‌ಗೆ ಕೆಲವು ತಿಂಗಳು ಮುಂಚೆ ತಿಳಿಸಿ. ಕುಟುಂಬಶ್ರೀ ಸಭೆಯ ದಿನ ಸದಸ್ಯೆಯರೇ ಗೊತ್ತುಮಾಡುವುದು. ಬೇರೆ ದಿನ ಆಗಬಹುದೇ ಎಂದು ಕೇಳಿ ನೋಡಿ, ಬಿಡುವು ಬೇಕಾದವರು ಅಲ್ಲಿ ನೀವೊಬ್ಬರೇ ಆಗಿರಲಾರಿರಿ.

ಇಷ್ಟಾದರೆ ಮಧ್ಯಾಹ್ನ ಎರಡರಿಂದ ನಾಲ್ಕು ನಿಮ್ಮದು. ವಾರ್ಡಿನ ವಾಟ್ಸಾಪ್ ಗುಂಪು ಮೊಬೈಲಿನ ಜೊತೆ ಇನ್ನೊಂದು ಕೋಣೆಯಲ್ಲಿರಲಿ. ಅರ್ಧ ಗಂಟೆ ಮಲಗಿ. ಸಂಜೆಯವರೆಗೆ ಮಲಗಿದರೆ ರಾತ್ರಿ ನಿದ್ದೆ ಕೆಟ್ಟು ಸೋಮವಾರ ಮತ್ತೆ ಅದೇ ದಣಿವು. ಪ್ರಾರ್ಥನೆ ಮಾಡದೆ ಮಲಗಿದೆನಲ್ಲ ಎಂಬ ಅಳುಕು ಬೇಡ. ಸಾಕಾಗಿಹೋದ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದ ಪ್ರವಾದಿ ಮತ್ತೆ ಮಲಗಿದ (1 ಅರಸುಗಳು 19). ಉಪದೇಶವೆಲ್ಲ ಆಮೇಲೆ. ಆಗಸ್ಟ್ 30ರಿಂದ ಸೆಪ್ಟೆಂಬರ್ 8ರ ಮೊಂತಿ ಹಬ್ಬದವರೆಗೆ (ಮರಿಯಮ್ಮನವರ ಜನ್ಮದಿನ) ನೊವೆನಾ ಎಂಬ ಒಂಬತ್ತು ದಿನಗಳ ಪ್ರಾರ್ಥನೆ, ಹೂವು, ಹೊಸ ಅನ್ನದ ಓಡಾಟ ಇದ್ದೇ ಇದೆ. ಆಗ ಈ ಕ್ರಮ ತಪ್ಪುತ್ತದೆ. ತಪ್ಪಲಿ, ಹಬ್ಬದ ಮರುವಾರ ಯಾವ ಸಭೆಯನ್ನೂ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಒಂಬೈನೂರು ರಬ್ಬರ್ ಮರಗಳಿವೆ. ಭಾನುವಾರ ಟ್ಯಾಪಿಂಗ್ (ತೊಗಟೆ ಕೊಯ್ದು ಹಾಲು ಇಳಿಸುವುದು) ನಿಲ್ಲಿಸಿದರೆ ನಷ್ಟವಲ್ಲವೇ?
– ಓದುಗ, ಬದಿಯಡ್ಕ ಸಮೀಪ

ಉತ್ತರ: ದಿನ ಬಿಟ್ಟು ದಿನದ ಪದ್ಧತಿಯಲ್ಲಿ ಭಾನುವಾರ ಬಿಟ್ಟರೆ ಸರದಿ ಕೆಡುತ್ತದೆ, ನಿಜ. ತೋಟವನ್ನು 300 ಮರಗಳ ಮೂರು ಬ್ಲಾಕ್ ಮಾಡಿ: ಮೊದಲನೆಯದು ಸೋಮ–ಗುರು, ಎರಡನೆಯದು ಮಂಗಳ–ಶುಕ್ರ, ಮೂರನೆಯದು ಬುಧ–ಶನಿ. ಭಾನುವಾರ ತಾನಾಗಿ ಖಾಲಿ. ಒಂದು ಮರಕ್ಕೆ ಬೀಳುವ ಕೊಯ್ತ ಕಡಿಮೆಯಾದರೂ ಪ್ರತಿ ಕೊಯ್ತಕ್ಕೆ ಹಾಲು ಹೆಚ್ಚು, ಪಟ್ಟೆಯೂ (ತೊಗಟೆ) ಹೆಚ್ಚು ವರ್ಷ ಬಾಳುತ್ತದೆ. ಹಾಲು ಹೆಚ್ಚಿಸುವ ಉತ್ತೇಜಕ ಹಚ್ಚುವುದಾದರೆ ರಬ್ಬರ್ ಬೋರ್ಡಿನ ಕ್ಷೇತ್ರಾಧಿಕಾರಿಯನ್ನು ಕೇಳದೆ ಹಚ್ಚಬೇಡಿ.

ಜನ ಎಡವುವುದು ಶನಿವಾರದ ಹಾಲಿನಲ್ಲಿ. ಹಾಲು ಗಟ್ಟಿಯಾಗಲು ಆಸಿಡ್ ಹಾಕಿ ರಾತ್ರಿ ಬಿಟ್ಟರೆ ಭಾನುವಾರ ಬೆಳಿಗ್ಗೆ ಶೀಟ್ ಒತ್ತುವ ಮೆಷಿನ್ ತಿರುಗಿಸಲೇಬೇಕು. ಆ ದಿನ ಆಸಿಡ್ ತುಸು ಹೆಚ್ಚಿಸಿ ಸಂಜೆಯೇ ಶೀಟ್ ಒತ್ತಿ, ಇಲ್ಲವೇ ಹಾಲನ್ನೇ ಮಾರಿ. ಶೀಟ್ ಒಣಗಿಸುವ ಹೊಗೆಮನೆಗೆ ಹತ್ತು ನಿಮಿಷ ಸೌದೆ ಇಟ್ಟರೆ ದಿನದ ಪಾವಿತ್ರ್ಯ ಕೆಡದು: ಸಬ್ಬತ್ (ವಿಶ್ರಾಂತಿಯ ದಿನ) ಇರುವುದು ಮನುಷ್ಯನಿಗಾಗಿ (ಮಾರ್ಕ 2:27). ಮಳೆಗೆ ಶನಿವಾರದ ಕೊಯ್ತ ತಪ್ಪಿತೆಂದು ಭಾನುವಾರ ಕತ್ತಿ ಹಿಡಿಯುವ ಚಪಲ ಬರುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿಸಿದರೆ ಅದು ಅಷ್ಟು ಕಾಡದು. ಟ್ಯಾಪಿಂಗ್ ಮಾಡುವವರಿಗೆ ಶುಕ್ರವಾರ ರಜೆ ಬೇಕಿದ್ದರೆ ಅದನ್ನೂ ಸರದಿಯಲ್ಲಿ ಹೊಂದಿಸಿ. ನಿಮ್ಮ ವಿಶ್ರಾಂತಿಯ ಖರ್ಚನ್ನು ಅವರ ಕೂಲಿಯಲ್ಲಿ ಮುರಿಯಬೇಡಿ.

ಪ್ರಶ್ನೆ: ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್. ಶನಿವಾರದ ರಾತ್ರಿ ಪಾಳಿ ಮುಗಿಸಿ ರೈಲಿನಲ್ಲಿ ಮನೆಗೆ ಬರುವಾಗ ಪೂಜೆ ಮುಗಿದಿರುತ್ತದೆ. ವಾರದ ರಜೆ ಬುಧವಾರ. ಏನು ಮಾಡಲಿ?
– ಓದುಗಿ, ಮಂಜೇಶ್ವರ

ಉತ್ತರ: ಶನಿವಾರ ಸಂಜೆಯ ಪೂಜೆಯಿಂದಲೇ ಭಾನುವಾರದ ಕರ್ತವ್ಯ ನೆರವೇರುತ್ತದೆ (ವಿಧಿ 1248). ಡ್ಯೂಟಿಗೆ ಹೋಗುವ ಮುನ್ನ ಮಂಗಳೂರಿನಲ್ಲೇ ಪೂಜೆ ಸಿಗುತ್ತದೆಯೇ ನೋಡಿ. ಅದೂ ಆಗದ ವಾರ ರೋಗಿಗಳ ಸೇವೆಯೇ ತಕ್ಕ ಕಾರಣ. ಮನಸ್ಸು ಕೊರೆಯುತ್ತಿದ್ದರೆ ವಿಗಾರ್ ಫಾದರ್ (ಚರ್ಚಿನ ಮುಖ್ಯ ಗುರು) ಬಳಿ ಕೇಳಿ; ಒಂದೊಂದು ಪ್ರಕರಣದಲ್ಲಿ ವಿನಾಯಿತಿ ಕೊಡುವ ಅಧಿಕಾರ ಅವರಿಗಿದೆ (ವಿಧಿ 1245).

ಮನೆಗೆ ಬಂದವರು ಭಾನುವಾರದ ಊಟಕ್ಕೆಂದು ಎಚ್ಚರ ಕೂರಬೇಡಿ. ಹಗುರಾಗಿ ತಿಂದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಮಲಗಿ. ಒಟ್ಟಿಗೆ ಕೂತು ಉಣ್ಣುವುದನ್ನು ರಾತ್ರಿಗೆ ಇಟ್ಟುಕೊಳ್ಳಿ. ಪಾಳಿಯ ಕೊನೆಯ ಕಾಫಿ ನಡುರಾತ್ರಿ ಎರಡರೊಳಗೆ ಮುಗಿಯಲಿ, ತಡವಾದರೆ ಹಗಲು ನಿದ್ದೆ ಹತ್ತದು. ರೈಲಿಳಿದ ಮೇಲೆ ಸ್ಕೂಟರ್ ನೀವು ಓಡಿಸಬೇಡಿ, ಮನೆಯವರು ಬಂದು ಕರೆದೊಯ್ಯಲಿ. ಬುಧವಾರವೇ ನಿಮ್ಮ ವಿಶ್ರಾಂತಿಯ ದಿನ: ಬ್ಯಾಂಕು, ರೇಷನ್, ಬಟ್ಟೆ ಒಗೆತ ಬೆಳಿಗ್ಗೆ ಹನ್ನೊಂದರೊಳಗೆ, ಉಳಿದದ್ದು ಮುಂದಿನ ವಾರಕ್ಕೆ. ಆ ದಿನ ಬೇರೆಯವರ ಪಾಳಿಗೆ ಒಪ್ಪಿಕೊಳ್ಳುವುದಾದರೆ, ಬದಲಿ ರಜೆ ಯಾವ ತಾರೀಕಿಗೆಂದು ಬರೆಸಿಕೊಂಡೇ ಒಪ್ಪಿಕೊಳ್ಳಿ.